ತನ್ನುಸಿರು ತಾನೇ ಎಳೆದ ಎಂಜಿನ್

ಕಳೆದ ತಿಂಗಳು ಗೆಳೆಯನ ಹೊಸ ಕಾರಿನಲ್ಲಿ ಧರ್ಮಸ್ಥಳಕ್ಕೆ ಹೋಗಿದ್ದೆವು. ವಾಪಸ್ ಬರುವಾಗ ಚಾರ್ಮಾಡಿ ಘಾಟಿಯಲ್ಲಿ ಸ್ಟಿಯರಿಂಗ್ ನನ್ನ ಕೈಗೆ ಬಂತು. ಮುಂದೊಂದು ಟೆಂಪೋ ತೆವಳುತ್ತಿತ್ತು. ಎದುರು ರಸ್ತೆ ಖಾಲಿ ಕಂಡಿತು, ಆಕ್ಸಿಲರೇಟರ್ ಒತ್ತಿದೆ. ಏನೂ ಆಗಲಿಲ್ಲ! ಒಂದು ಕ್ಷಣ ಕಾರು ಯೋಚನೆ ಮಾಡಿತು.... ಆಮೇಲೆ ಹಿಂದಿನಿಂದ ಯಾರೋ ಒದ್ದ ಹಾಗೆ ಮುಂದಕ್ಕೆ ಹಾರಿತು. ಅಷ್ಟರಲ್ಲಿ ತಿರುವಿನಿಂದ ಇನ್ನೊಂದು ಕಾರು ಬಂದೇ ಬಿಟ್ಟಿತ್ತು, ಬ್ರೇಕ್ ತುಳಿದು ಮತ್ತೆ ಟೆಂಪೋ ಹಿಂದೆ ಸೇರಿಕೊಂಡೆ. "ಟರ್ಬೋ ಅಲ್ವೇನೋ, ಸ್ವಲ್ಪ ಹಾಗೇ" ಅಂದ ಗೆಳೆಯ.

ಆ "ಸ್ವಲ್ಪ ಹಾಗೇ" ಅನ್ನುವ ಅರೆಕ್ಷಣ ತನಗೆ ಬೇಡವೇ ಬೇಡ ಅಂತ ಹಠ ಹಿಡಿದು ಒಬ್ಬ ಇಂಜಿನಿಯರ್ ಒಂದು ಕಾರನ್ನೇ ಕಟ್ಟಿಸಿದ. ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದುವಾಗ ಈ ಕಥೆ ನನ್ನ ತಲೆ ಹೊಕ್ಕಿತ್ತು. ಈಗ ಕೋಡ್ ಕುಟ್ಟುವ ಕೆಲಸದಲ್ಲಿದ್ದರೂ ಹೊರಗೆ ಹೋಗಿಲ್ಲ :-)

ಮೊದಲು ಸ್ವಲ್ಪ ಹಿನ್ನೆಲೆ. ಎಂಜಿನ್ನಿಗೆ ಪೆಟ್ರೋಲ್ ಕೊಡುವುದು ಸುಲಭ, ಪಂಪ್ ಇಟ್ಟರೆ ಆಯಿತು. ಕಷ್ಟ ಇರುವುದು ಅದನ್ನು ಉರಿಸಲು ಬೇಕಾದ ಗಾಳಿಯನ್ನು ಒಳಗೆ ಕಳಿಸುವುದರಲ್ಲಿ. ಹೆಚ್ಚು ಗಾಳಿ ಹೋದಷ್ಟೂ ಹೆಚ್ಚು ಶಕ್ತಿ. ಟರ್ಬೋ ಅಂದರೆ ಹೊರಗೆ ಹೋಗುವ ಹೊಗೆಯ ರಭಸದಿಂದ ಒಂದು ಚಕ್ರ ತಿರುಗಿಸಿ, ಅದೇ ದಂಡಕ್ಕೆ ಕೂತ ಇನ್ನೊಂದು ಚಕ್ರದಿಂದ ಗಾಳಿಯನ್ನು ಒತ್ತಿ ಒಳಗೆ ತುಂಬುವ ಉಪಾಯ. ಆ ಚಕ್ರ ವೇಗ ಪಡೆದುಕೊಳ್ಳುವವರೆಗೆ ಕಾಯಬೇಕು, ಚಾರ್ಮಾಡಿಯಲ್ಲಿ ನಾನು ಕಾದದ್ದು ಅದನ್ನೇ. ಟರ್ಬೋ ಇಲ್ಲದ ಎಂಜಿನ್ನಿಗೆ ನ್ಯಾಚುರಲಿ ಆಸ್ಪಿರೇಟೆಡ್ ಅನ್ನುತ್ತಾರೆ. ಪಿಸ್ಟನ್ ಕೆಳಗಿಳಿದಾಗ ಹೊರಗಿನ ವಾತಾವರಣದ ಒತ್ತಡ ಎಷ್ಟು ಗಾಳಿ ತಳ್ಳುತ್ತದೋ ಅಷ್ಟೇ ಅದರ ಪಾಲು. ನಮ್ಮ ನಿಮ್ಮ ಹಾಗೆ, ತನ್ನ ಉಸಿರು ತಾನೇ ಎಳೆದುಕೊಳ್ಳಬೇಕು.

ಈಗ ಕಥೆಗೆ ಬರೋಣ. 1988ರ ಸೆಪ್ಟೆಂಬರ್, ಇಟಲಿಯ ಮೊಂಜಾ. ಆ ವರ್ಷ ಫಾರ್ಮುಲಾ ಒನ್‌ನ 16 ರೇಸುಗಳಲ್ಲಿ 15ನ್ನು ಮೆಕ್‌ಲಾರೆನ್ ತಂಡ ಗೆದ್ದಿತ್ತು. ಸೋತ ಒಂದೇ ಒಂದು ರೇಸ್ ಇದು. ಸೋತು ಮನೆಗೆ ಹೊರಟವರು ಮಿಲಾನ್‌ನ ಲಿನಾಟೆ ವಿಮಾನ ನಿಲ್ದಾಣದಲ್ಲಿ ತಡವಾದ ವಿಮಾನಕ್ಕೆ ಕಾಯುತ್ತ ಕೂತಿದ್ದರು. ತಂಡದ ರಾನ್ ಡೆನಿಸ್, ಮನ್ಸೂರ್ ಒಜ್ಜೆ, ಕ್ರೈಟನ್ ಬ್ರೌನ್, ಜೊತೆಗೆ ವಿನ್ಯಾಸಕಾರ ಗೋರ್ಡನ್ ಮರ್ರೆ. ರಸ್ತೆಗೊಂದು ಕಾರು ಮಾಡೋಣ, ಮಾಡಿದರೆ ಅದರಂಥದ್ದು ಇನ್ನೊಂದು ಇರಬಾರದು ಅನ್ನುವ ಮಾತು ಹುಟ್ಟಿದ್ದು ಅಲ್ಲಿ. ವಿಮಾನ ತಡವಾದರೆ ನಾವು ಏರ್‌ಪೋರ್ಟಿನ ದುಬಾರಿ ಕಾಫಿಯನ್ನು ಬೈದುಕೊಂಡು ಕೂರುತ್ತೇವೆ!

ಮರ್ರೆ ಹುಟ್ಟಿದ್ದು 1946ರಲ್ಲಿ, ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ. ಅಲ್ಲೇ ಓದಿ, ತನ್ನ ರೇಸ್ ಕಾರನ್ನು ತಾನೇ ಕಟ್ಟಿ ಓಡಿಸಿ, 1969ರಲ್ಲಿ ಇಂಗ್ಲೆಂಡಿಗೆ ಬಂದವನು. ಇಲ್ಲೊಂದು ಗಮನಿಸಬೇಕಾದ ವಿಷಯವಿದೆ. ಟರ್ಬೋ ಬೇಡ ಅಂದವನಿಗೆ ಟರ್ಬೋ ಗೊತ್ತಿರಲಿಲ್ಲ ಅಂದುಕೊಳ್ಳಬೇಡಿ. 1983ರಲ್ಲಿ ನೆಲ್ಸನ್ ಪಿಕೆ ವಿಶ್ವ ಚಾಂಪಿಯನ್ ಆದ ಬ್ರಭಾಮ್ ಬಿಟಿ52 ಕಾರು ಮರ್ರೆಯದೇ ವಿನ್ಯಾಸ. ಟರ್ಬೋ ಕಾರಿನಲ್ಲಿ ಚಾಲಕನೊಬ್ಬ ವಿಶ್ವ ಚಾಂಪಿಯನ್ ಆದದ್ದು ಅದೇ ಮೊದಲು. ಅದರಲ್ಲಿದ್ದದ್ದು ಬಿಎಂಡಬ್ಲ್ಯುವಿನ ಒಂದೂವರೆ ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್. ಮಾಮೂಲಿ ರಸ್ತೆ ಕಾರಿನ ಎಂಜಿನ್ ಬ್ಲಾಕನ್ನೇ ಆಧಾರವಾಗಿಟ್ಟು ಮಾಡಿದ ಅದು ಮುಂದೆ ಅರ್ಹತಾ ಸುತ್ತುಗಳಲ್ಲಿ ಸಾವಿರ ಅಶ್ವಶಕ್ತಿಯನ್ನೂ ದಾಟಿತು. ಅದನ್ನು ಮಾಡಿದ್ದು ಮ್ಯೂನಿಕ್‌ನ ಪೌಲ್ ರೋಶೆ. 1957ರಲ್ಲಿ ಬಿಎಂಡಬ್ಲ್ಯು ಸೇರಿದ ಈತ ಕ್ಯಾಮ್‌ಶಾಫ್ಟ್‌ಗಳ ಲೆಕ್ಕದಲ್ಲಿ ಎಷ್ಟು ಪಳಗಿದ್ದ ಅಂದರೆ ಜೊತೆಯವರು "ಕ್ಯಾಮ್ ಪೌಲ್" ಅನ್ನುವ ಅರ್ಥದ ಅಡ್ಡಹೆಸರು ಇಟ್ಟಿದ್ದರು.

ಟರ್ಬೋದಿಂದ ಗೆದ್ದ ಇವರಿಬ್ಬರೇ ಮುಂದೆ ಟರ್ಬೋ ಇಲ್ಲದ ಎಂಜಿನ್ನಿಗೆ ಕೈಹಾಕಿದರು. ಮರ್ರೆ ಮೊದಲು ಹೋಗಿದ್ದು ಹೋಂಡಾ ಹತ್ತಿರ. ಆಗ ಮೆಕ್‌ಲಾರೆನ್‌ನ ರೇಸ್ ಎಂಜಿನ್ ಅವರದ್ದೇ. 1989ರಲ್ಲೇ ಹೋಂಡಾ 1.6 ಲೀಟರಿನಲ್ಲಿ ಟರ್ಬೋ ಇಲ್ಲದೆ 160 ಅಶ್ವಶಕ್ತಿ ತೆಗೆದು, ಆ ಕಾರನ್ನು ಅಂಗಡಿಯಲ್ಲಿಟ್ಟು ಮಾರಿತ್ತು. ಆದರೆ ಹೋಂಡಾ ಒಲ್ಲೆ ಅಂದಿತು. ಕೊನೆಗೆ ಒಪ್ಪಿದ್ದು ಹಳೆಯ ಗೆಳೆಯ ರೋಶೆ.

ಮರ್ರೆಯ ಬೇಡಿಕೆ ಮೂರು ಸಾಲಿನದ್ದು: 550 ಅಶ್ವಶಕ್ತಿ ಇರಬೇಕು, ಉದ್ದ 600 ಮಿಲಿಮೀಟರ್ ಮೀರಬಾರದು, ತೂಕ 250 ಕೆಜಿ ದಾಟಬಾರದು. ಮತ್ತು ಟರ್ಬೋ ಕೂಡದು. ನಮ್ಮ ಆಫೀಸಿನ ರಿಕ್ವೈರ್‌ಮೆಂಟ್ ಡಾಕ್ಯುಮೆಂಟುಗಳು ಹೀಗಿದ್ದಿದ್ದರೆ!

ಟರ್ಬೋ ಇಲ್ಲದೆ ಶಕ್ತಿ ಹೆಚ್ಚಿಸಲು ದಾರಿ ಮೂರು. ಎಂಜಿನ್ ದೊಡ್ಡದು ಮಾಡಬೇಕು, ಇಲ್ಲವೇ ಜೋರಾಗಿ ತಿರುಗಿಸಬೇಕು, ಇಲ್ಲವೇ ಪ್ರತಿ ಉಸಿರಿನಲ್ಲೂ ಹೆಚ್ಚು ಗಾಳಿ ತುಂಬಿಸಬೇಕು. ದೊಡ್ಡದು ಮಾಡಿದರೆ ತೂಕ. ಜೋರಾಗಿ ತಿರುಗಿಸಿದರೆ ಪಿಸ್ಟನ್, ರಾಡುಗಳ ಮೇಲೆ ಬೀಳುವ ಬಲ ವೇಗದ ವರ್ಗದಂತೆ ಏರುತ್ತದೆ, ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮ.

ರೋಶೆ ಮೂರನ್ನೂ ಹದವಾಗಿ ಬೆರೆಸಿದ. 12 ಸಿಲಿಂಡರ್, ಆರಾರು ಎರಡು ಸಾಲಾಗಿ, ನಡುವೆ 60 ಡಿಗ್ರಿ. ಒಂದೇ ಸಾಲಿನ ಆರು ಸಿಲಿಂಡರ್ ತನ್ನ ಅಲುಗಾಟವನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ, ಅಂಥ ಎರಡನ್ನು ಜೋಡಿಸಿದರೆ ವಿ12. 86 ಮಿಮೀ ಅಗಲದ ಸಿಲಿಂಡರ್, 87 ಮಿಮೀ ಪಿಸ್ಟನ್ ಓಟ, ಒಟ್ಟು 6064 ಸಿಸಿ. 7500 ಆರ್‌ಪಿಎಂನಲ್ಲಿ ಒಂದು ಸುತ್ತಿಗೆ ಹಿಡಿಯುವ ಸಮಯ 8 ಮಿಲಿಸೆಕೆಂಡ್. ಪಿಸ್ಟನ್ ಕೆಳಗಿಳಿಯುವುದು ಅದರಲ್ಲಿ ಅರ್ಧ. ಅಂದರೆ ಸುಮಾರು ಅರ್ಧ ಲೀಟರ್ ಗಾಳಿ 4 ಮಿಲಿಸೆಕೆಂಡ್ ಆಸುಪಾಸಿನಲ್ಲಿ, ಯಾರೂ ತಳ್ಳದೆ, ಒಳಗೆ ಬಂದು ಕೂರಬೇಕು!

ಇಲ್ಲೇ ಕ್ಯಾಮ್ ಪೌಲ್‌ನ ಕೈಚಳಕ. ಓಡುವ ಗಾಳಿಗೂ ಜಡತ್ವ ಇದೆ. ಪಿಸ್ಟನ್ ಕೆಳಗೆ ಮುಟ್ಟಿ ಮೇಲೇಳಲು ಶುರು ಮಾಡಿದರೂ ಗಾಳಿ ಒಳಗೆ ನುಗ್ಗುತ್ತಲೇ ಇರುತ್ತದೆ. ಹಾಗಾಗಿ ವಾಲ್ವ್ ಸ್ವಲ್ಪ ತಡವಾಗಿ ಮುಚ್ಚಿದರೆ ಲಾಭ. ಆದರೆ ಜೋರು ಓಟಕ್ಕೆ ಹೊಂದಿಸಿದ ಕ್ಯಾಮ್ ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ನನ್ನು ಕೆಮ್ಮಿಸುತ್ತದೆ, ನಿಧಾನಕ್ಕೆ ಹೊಂದಿಸಿದ್ದು ಓಟದಲ್ಲಿ ಉಸಿರು ಕಟ್ಟಿಸುತ್ತದೆ. ಇದಕ್ಕೆ ಓಡುತ್ತಿರುವಾಗಲೇ ವಾಲ್ವ್ ಸಮಯ ಬದಲಿಸುವ ಬಿಎಂಡಬ್ಲ್ಯುವಿನ ವಾನೋಸ್ ವ್ಯವಸ್ಥೆ ಬಂತು. ಸಿಲಿಂಡರಿಗೆ ನಾಲ್ಕರಂತೆ 48 ವಾಲ್ವ್. ಎಲ್ಲಕ್ಕೂ ಮಿಗಿಲಾಗಿ 12 ಸಿಲಿಂಡರಿಗೆ 12 ಬೇರೆ ಬೇರೆ ಥ್ರಾಟಲ್. ಗಾಳಿಯ ಬಾಗಿಲು ಸಿಲಿಂಡರಿನ ಹೊಸ್ತಿಲಲ್ಲೇ ಇರುವುದರಿಂದ, ಕಾಲು ಒತ್ತಿದರೆ ನಡುವಿನ ಉದ್ದನೆಯ ಕೊಳವೆ ತುಂಬಲಿ ಅಂತ ಕಾಯುವ ಮಾತೇ ಇಲ್ಲ.

ಎಂಜಿನ್ ಸಿದ್ಧವಾದಾಗ ತೂಗಿದ್ದು 266 ಕೆಜಿ, ಮಿತಿಗಿಂತ 16 ಕೆಜಿ ಹೆಚ್ಚು. ಗ್ರಾಂ ಲೆಕ್ಕದಲ್ಲಿ ಜಗಳಕ್ಕೆ ನಿಲ್ಲುವ ಮರ್ರೆ ಸುಮ್ಮನಾದ. ಯಾಕೆಂದರೆ ಕೇಳಿದ್ದು 550, ಬಂದದ್ದು 627 ಅಶ್ವಶಕ್ತಿ! ಲೀಟರಿಗೆ ನೂರಕ್ಕೂ ಹೆಚ್ಚು. 1992ರ ಮೇ ತಿಂಗಳಲ್ಲಿ ಮೊನಾಕೋದಲ್ಲಿ ಕಾರು ಹೊರಬಂತು. ಹೆಸರು ಮೆಕ್‌ಲಾರೆನ್ ಎಫ್1. ಮೂರು ಸೀಟು, ಚಾಲಕ ನಡುವೆ. ಎಂಜಿನ್ ಇರುವ ಗೂಡಿಗೆ ಶಾಖ ತಡೆಯಲು ಬಂಗಾರದ ಹಾಳೆ. ಪವರ್ ಸ್ಟಿಯರಿಂಗ್ ಇಲ್ಲ, ಎಬಿಎಸ್ ಇಲ್ಲ. ಚಾಲಕನಿಗೂ ಯಂತ್ರಕ್ಕೂ ನಡುವೆ ಯಾವ ದಲ್ಲಾಳಿಯೂ ಬೇಡ ಅನ್ನುವುದು ಮರ್ರೆಯ ಧೋರಣೆ.

1995ರಲ್ಲಿ ಇದೇ ಕಾರಿನ ರೇಸ್ ರೂಪ ಫ್ರಾನ್ಸಿನ ಲ ಮಾನ್‌ನಲ್ಲಿ 24 ಗಂಟೆಗಳ ರೇಸ್ ಗೆದ್ದಿತು. ಮೊದಲ, ಮೂರನೆಯ, ನಾಲ್ಕನೆಯ, ಐದನೆಯ ಸ್ಥಾನ ಎಲ್ಲ ಇದಕ್ಕೇ. ತಮಾಷೆ ಏನೆಂದರೆ, ರೇಸ್ ನಿಯಮದಂತೆ ಗಾಳಿಯ ದಾರಿ ಕಿರಿದು ಮಾಡಿದ್ದರಿಂದ ರೇಸ್ ಕಾರಿನ ಶಕ್ತಿ ರಸ್ತೆ ಕಾರಿಗಿಂತ ಕಡಿಮೆ ಇತ್ತು. ಮೂಗು ಹಿಡಿದುಕೊಂಡು ಓಡಿ ಗೆದ್ದ ಹಾಗೆ! 1998ರ ಮಾರ್ಚ್ 31ರಂದು ಜರ್ಮನಿಯ ಎರಾ ಲೆಸಿಯೆನ್ ಟ್ರ್ಯಾಕಿನಲ್ಲಿ ಆಂಡಿ ವಾಲೇಸ್ ಇದನ್ನು ಗಂಟೆಗೆ 386 ಕಿಮೀ ವೇಗಕ್ಕೆ ಏರಿಸಿದ. ಈ ದಾಖಲೆ 2005ರಲ್ಲಿ ಮುರಿಯಿತು. ಮುರಿದ ಕೋನಿಗ್‌ಸೆಗ್‌ನಲ್ಲಿ ಸೂಪರ್‌ಚಾರ್ಜರ್ ಇತ್ತು. ಅದೇ ವರ್ಷ ಅದನ್ನೂ ಮೀರಿದ ಬುಗಾಟಿಗೆ ನಾಲ್ಕು ಟರ್ಬೋ. ಅಂದರೆ ಈ ಎಂಜಿನ್ನನ್ನು ಹಿಂದೆ ಹಾಕಿದವರೆಲ್ಲ ಗಾಳಿಯನ್ನು ಒತ್ತಿ ತುಂಬಿದವರೇ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ನಮ್ಮ ಕೆಲಸದಲ್ಲೂ ಇದೇ ಜಗಳ ದಿನಾ ಇದೆ. ಒಂದು ಸರ್ವರ್ ಸೆಕೆಂಡಿಗೆ ಎಷ್ಟು ಕೆಲಸ ಮುಗಿಸುತ್ತದೆ ಅನ್ನುವುದು ಒಂದು ಲೆಕ್ಕ, ಬಟನ್ ಒತ್ತಿದವನು ಎಷ್ಟು ಹೊತ್ತು ಕಾಯುತ್ತಾನೆ ಅನ್ನುವುದು ಇನ್ನೊಂದು. ಮೊದಲನೆಯದನ್ನು ಸ್ಲೈಡಿನಲ್ಲಿ ದೊಡ್ಡ ಅಕ್ಷರದಲ್ಲಿ ತೋರಿಸಬಹುದು, ಚಪ್ಪಾಳೆ ಸಿಗುತ್ತದೆ. ಎರಡನೆಯದು ಕಾಯುವವನಿಗಷ್ಟೇ ಗೊತ್ತು. ನಾನೂ ಎಷ್ಟೋ ಸಲ ಮೊದಲನೆಯದಕ್ಕೆ ಮಣಿದಿದ್ದೇನೆ. ಸಾವಿರ ಅಶ್ವಶಕ್ತಿಯ ದಾರಿ ಚೆನ್ನಾಗಿ ಗೊತ್ತಿದ್ದೂ ಅದನ್ನು ಬಿಟ್ಟ ಇವರಿಬ್ಬರು ನನಗೆ ದೊಡ್ಡವರಾಗಿ ಕಾಣುವುದು ಅದಕ್ಕೇ.

ಹಾಗಂತ ಟರ್ಬೋವನ್ನು ಬೈಯುತ್ತಿಲ್ಲ. ಚಿಕ್ಕ ಎಂಜಿನ್ನಿನಲ್ಲಿ ದೊಡ್ಡ ಕೆಲಸ ತೆಗೆದು ಪೆಟ್ರೋಲ್ ಉಳಿಸುತ್ತದೆ, ನನ್ನ ಗೆಳೆಯನ ಇಎಂಐಗೆ ಹೊಂದುವುದೂ ಅದೇ. ಮೆಕ್‌ಲಾರೆನ್ ಎಫ್1 ಎಲ್ಲ ಬಗೆಯೂ ಸೇರಿ ಆಗಿದ್ದು ಬರೀ 106. ಅದು ಎಲ್ಲರ ದಾರಿ ಆಗಲು ಸಾಧ್ಯವಿರಲಿಲ್ಲ.

ರೋಶೆ 2016ರಲ್ಲಿ ತೀರಿಕೊಂಡ. ಮರ್ರೆಯ ಹಠ ಮಾತ್ರ ಮುಗಿಯಲಿಲ್ಲ. 2020ರಲ್ಲಿ, 74ನೇ ವಯಸ್ಸಿನಲ್ಲಿ, ಟಿ.50 ಅನ್ನುವ ಹೊಸ ಕಾರು ತೋರಿಸಿದ. ಮತ್ತೆ ಮೂರು ಸೀಟು, ಮತ್ತೆ ವಿ12, ಮತ್ತೆ ಟರ್ಬೋ ಇಲ್ಲ. ಕಾಸ್‌ವರ್ತ್ ಮಾಡಿಕೊಟ್ಟ ಆ ಎಂಜಿನ್ 4 ಲೀಟರಿಗೂ ತುಸು ಕಡಿಮೆ, ತೂಕ 178 ಕೆಜಿ, ತಿರುಗುವುದು 12,100 ಆರ್‌ಪಿಎಂವರೆಗೆ.

ಲೆಕ್ಕ ಹಾಕಿ ನೋಡಿದೆ. ಅಲ್ಲಿ ಪಿಸ್ಟನ್ ಕೆಳಗಿಳಿಯಲು ಹಿಡಿಯುವುದು ಎರಡೂವರೆ ಮಿಲಿಸೆಕೆಂಡ್. ಚಾರ್ಮಾಡಿಯಲ್ಲಿ ನಾನು ಕಾದ ಆ ಒಂದು ಕ್ಷಣದಲ್ಲಿ ಅದರ 12 ಸಿಲಿಂಡರುಗಳು ಸೇರಿ ಸಾವಿರಕ್ಕೂ ಹೆಚ್ಚು ಸಲ ಉಸಿರೆಳೆದು ಮುಗಿಸಿರುತ್ತಿದ್ದವು....