ಡಾನರ್ ಕಣಿವೆ: ಒಂದು ಗಾಡಿದಾರಿಯ ನೆನಪು ಮತ್ತು ಮರೆವು

ಸ್ಥಳನಾಮಗಳು ಚರಿತ್ರೆಯ ಆಕರಗಳು ಎಂಬ ಮಾತು ವಿದ್ವತ್ ವಲಯದಲ್ಲಿ ಹಳೆಯದು. ಆದರೆ ಒಂದು ಹೆಸರು ಯಾರನ್ನು ನೆನಪಿನಲ್ಲಿ ಉಳಿಸುತ್ತದೆ, ಯಾರನ್ನು ಮರೆಸುತ್ತದೆ ಎಂಬ ಪ್ರಶ್ನೆಯೂ ಅಷ್ಟೇ ಮುಖ್ಯವಾದುದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಿಯೆರಾ ನೆವಾಡಾ ಪರ್ವತಶ್ರೇಣಿಯನ್ನು 7,000 ಅಡಿಗೂ ಮಿಕ್ಕ ಎತ್ತರದಲ್ಲಿ ದಾಟುವ ಡಾನರ್ ಕಣಿವೆ ಈ ಪ್ರಶ್ನೆಗೆ ತಕ್ಕ ನಿದರ್ಶನ. ಇಲ್ಲಿ ಮೊದಲು ಗಾಡಿಗಳನ್ನು ದಾಟಿಸಿದವರು ಒಂದು ತಂಡದವರು. ಕಣಿವೆಗೆ ಹೆಸರಾದವರು ಇನ್ನೊಂದು ತಂಡದವರು.

1840ರ ದಶಕದಲ್ಲಿ ಮಿಸೌರಿ ನದಿಯ ದಡದಿಂದ ಪೆಸಿಫಿಕ್ ತೀರದ ಕಡೆಗೆ ವಲಸೆ ಹೊರಟ ಕುಟುಂಬಗಳು ಸುಮಾರು 2,000 ಮೈಲಿಗಳ ದಾರಿಯನ್ನು ಸವೆಸಬೇಕಾಗಿತ್ತು. ಎತ್ತುಗಳು ಎಳೆಯುವ ಕಮಾನು ಗಾಡಿಗಳಲ್ಲಿ ದವಸಧಾನ್ಯ, ಸರಂಜಾಮು; ಜನರಲ್ಲಿ ಹೆಚ್ಚಿನವರದು ಕಾಲ್ನಡಿಗೆ. ಬಯಲಿನಲ್ಲಿ ಹುಲ್ಲು ಚಿಗುರಿದ ಮೇಲೆಯೇ ಹೊರಡಬೇಕು, ಸಿಯೆರಾದಲ್ಲಿ ಹಿಮ ಬೀಳುವ ಮೊದಲೇ ದಾಟಬೇಕು. ಈ ಎರಡು ಗಡುವುಗಳ ನಡುವೆಯೇ ಇಡೀ ಪಯಣದ ಅಳಿವು ಉಳಿವು ನಿರ್ಧಾರವಾಗುತ್ತಿತ್ತು.

1844ರಲ್ಲಿ ಎಲೈಷಾ ಸ್ಟೀಫನ್ಸ್‌ನ ಮುಂದಾಳುತನದಲ್ಲಿ ಸುಮಾರು ಐವತ್ತು ಜನರ ತಂಡವೊಂದು ಹೊರಟಿತು. ಹಂಬೋಲ್ಟ್ ನದಿ ಮರಳಿನಲ್ಲಿ ಇಂಗಿಹೋಗುವ ಕಡೆ ತಂಡಕ್ಕೆ ಮುಂದಿನ ದಾರಿ ತಿಳಿಯಲಿಲ್ಲ. ಅಲ್ಲಿ ಸಿಕ್ಕ ಪೈಯೂಟ್ ಬುಡಕಟ್ಟಿನ ಹಿರಿಯನೊಬ್ಬ ನೆಲದ ಮೇಲೆ ಗೆರೆ ಎಳೆದು, ಪಶ್ಚಿಮಕ್ಕೆ ಹೋದರೆ ಬೆಟ್ಟಗಳಿಂದ ಇಳಿದುಬರುವ ನದಿಯೊಂದು ಸಿಗುತ್ತದೆಂದು ತೋರಿಸಿದ. ಆತನನ್ನು ಅವರು ಕರೆದ 'ಟ್ರಕೀ' ಎಂಬ ಹೆಸರೇ ಆ ನದಿಗೆ ನಿಂತಿತೆಂಬುದು ವಾಡಿಕೆಯ ವಿವರಣೆ. ನವೆಂಬರ್ ವೇಳೆಗೆ ತಂಡ ಕಣಿವೆಯ ಬುಡದ ಸರೋವರವನ್ನು ತಲುಪಿದಾಗ ಹಿಮ ಬಿದ್ದಾಗಿತ್ತು. ಆರು ಗಾಡಿಗಳನ್ನು ಅಲ್ಲಿಯೇ ಬಿಟ್ಟು, ಉಳಿದ ಐದನ್ನು ಮೇಲಕ್ಕೆ ಸಾಗಿಸಲು ಮುಂದಾದರು. ನಡುವೆ ಗೋಡೆಯಂತೆ ನಿಂತ ಬಂಡೆ ಅಡ್ಡವಾಯಿತು. ಅದರ ಕಿರಿದಾದ ಬಿರುಕಿನಲ್ಲಿ ಎತ್ತುಗಳನ್ನು ಒಂದೊಂದಾಗಿ ಹತ್ತಿಸಿ, ಮೇಲೆ ಮತ್ತೆ ನೊಗ ಹೂಡಿ, ಬರಿದು ಮಾಡಿದ ಗಾಡಿಗಳನ್ನು ಸರಪಳಿ ಕಟ್ಟಿ ಎಳೆದರು. ಕೆಳಗಿನಿಂದ ಗಂಡಸರು ಹೆಗಲುಕೊಟ್ಟರು. ಸಿಯೆರಾವನ್ನು ಗಾಡಿಗಳು ದಾಟಿದ್ದು ಅದೇ ಮೊದಲು.

ಸರೋವರದ ಬಳಿ ಬಿಟ್ಟ ಗಾಡಿಗಳ ಕಾವಲಿಗೆಂದು ಕಟ್ಟಿದ ಗುಡಿಸಿನಲ್ಲಿ ಮೋಸೆಸ್ ಶಾಲೆನ್‌ಬರ್ಗರ್ ಎಂಬ ತರುಣ, ನರಿಗಳನ್ನು ಬೋನಿಗೆ ಬೀಳಿಸಿ ತಿನ್ನುತ್ತ, ಚಳಿಗಾಲವನ್ನು ಬಹುಪಾಲು ಒಬ್ಬನೇ ಕಳೆದು ಬದುಕಿದ. ತಂಡದಲ್ಲಿ ಒಬ್ಬರೂ ಸಾಯಲಿಲ್ಲ. ದಾರಿಯಲ್ಲಿ ಹುಟ್ಟಿದ ಇಬ್ಬರು ಶಿಶುಗಳು ಸೇರಿ ತಂಡ ಹಿಗ್ಗಿತ್ತು.

ಎರಡು ವರ್ಷಗಳ ನಂತರ, 1846ರಲ್ಲಿ, ಡಾನರ್ ತಂಡ ಬಂದಿತು. ಲ್ಯಾನ್ಸ್‌ಫರ್ಡ್ ಹೇಸ್ಟಿಂಗ್ಸ್ ತನ್ನ ಮಾರ್ಗದರ್ಶಿ ಪುಸ್ತಕದಲ್ಲಿ ಒಂದು ಒಳದಾರಿಯನ್ನು ಸೂಚಿಸಿದ್ದ. ಅದನ್ನು ಬರೆಯುವಾಗ ಆತ ಆ ದಾರಿಯಲ್ಲಿ ಗಾಡಿ ನಡೆಸಿರಲಿಲ್ಲ. ಆ ಮಾತನ್ನು ನಂಬಿದ ತಂಡ ಬೆಟ್ಟದ ಪೊದೆ ಕಡಿಯುತ್ತ, ಉಪ್ಪು ಮರುಭೂಮಿಯಲ್ಲಿ ಎತ್ತುಗಳನ್ನು ಕಳೆದುಕೊಳ್ಳುತ್ತ ವಾರಗಟ್ಟಲೆ ತಡವಾಯಿತು. ಕಣಿವೆಯ ಬುಡದಲ್ಲಿ ಹಿಮ ಅವರನ್ನು ತಡೆಯಿತು. 87 ಜನರಲ್ಲಿ ಅರ್ಧಕ್ಕೆ ಸಮೀಪ ಮಂದಿ ಸತ್ತರು. ಉಳಿದವರಲ್ಲಿ ಕೆಲವರು ಸತ್ತವರ ಮಾಂಸ ತಿಂದು ಜೀವ ಉಳಿಸಿಕೊಂಡರು. ಜಾರ್ಜ್ ಡಾನರ್ ಸರೋವರದವರೆಗೂ ಬರಲಾಗದೆ, ಕೆಲವು ಮೈಲಿ ಹಿಂದೆ ಆಲ್ಡರ್ ಕ್ರೀಕ್ ಬಳಿಯ ಬಿಡಾರದಲ್ಲಿಯೇ ತೀರಿಕೊಂಡ. ಕಣಿವೆಗೂ ಸರೋವರಕ್ಕೂ ಉಳಿದುಬಂದುದು ಅವನ ಕುಟುಂಬದ ಹೆಸರೇ.

ಇದಕ್ಕೆ ದುರಂತದ ತೀವ್ರತೆಯೊಂದೇ ಕಾರಣವಲ್ಲ, ಬರಹವೂ ಕಾರಣ. ಶಾಲೆನ್‌ಬರ್ಗರ್ ತಂಗಿದ್ದ ಅದೇ ಗುಡಿಸಿನಲ್ಲಿ ಆಶ್ರಯ ಪಡೆದ ಪ್ಯಾಟ್ರಿಕ್ ಬ್ರೀನ್ ದಿನಚರಿ ಬರೆದಿಟ್ಟ. ಆ ಸಂಕಟದ ಸುದ್ದಿ ಪತ್ರಿಕೆಗಳಲ್ಲಿ ಹರಡಿತು. ಸ್ಟೀಫನ್ಸ್ ತಂಡದ ಸಾಹಸಕ್ಕಾದರೋ ಮುಖ್ಯ ಆಧಾರ, ಶಾಲೆನ್‌ಬರ್ಗರ್ ದಶಕಗಳ ನಂತರ ಹೇಳಿದ ನೆನಪುಗಳು. ಸುಗಮವಾಗಿ ಮುಗಿದ ಪಯಣಕ್ಕೆ ಚರಿತ್ರೆಯಲ್ಲಿ ಕೇಳುಗರು ಕಡಿಮೆ.

ಮೂರನೆಯ ಸಾಕ್ಷ್ಯವೊಂದು ದಾರಿಯ ಆಚೆ ಬದಿಯಿಂದ ಬರುತ್ತದೆ. ಟ್ರಕೀ ಎಂದೇ ಹೆಸರಾಗಿದ್ದ ಪೈಯೂಟ್ ಹಿರಿಯನ ಮೊಮ್ಮಗಳು ಸಾರಾ ವಿನ್ನೆಮಕ್ಕ 1883ರಲ್ಲಿ ತನ್ನ ಜನರ ಕಥನವನ್ನು ಪ್ರಕಟಿಸಿದಳು. ಅವಳ ತಾತ ಬಿಳಿಯರನ್ನು ಬಹುಕಾಲದಿಂದ ಅಗಲಿದ್ದ ಸೋದರರೆಂದು ಬಗೆದು ಸಂತೋಷಪಟ್ಟಿದ್ದ. ಅದೇ ಬಿಳಿಯರು ಮನುಷ್ಯರನ್ನು ತಿನ್ನುತ್ತಾರೆಂಬ ಸುದ್ದಿ ಹಬ್ಬಿದಾಗ, ಓಡಲಾರದ ಮಗುವಾಗಿದ್ದ ಅವಳನ್ನು ತಾಯಿ ಮಣ್ಣಿನಲ್ಲಿ ಹೂತು, ಮುಖಕ್ಕೆ ಬಿಸಿಲು ತಾಗದಂತೆ ಗಿಡ ನೆಟ್ಟು ಬಚ್ಚಿಟ್ಟಳು. ವಲಸೆಗಾರರ ದಿನಚರಿಗಳು ಕಾಣದ ಭಯವಿದು.

ಇಂದು ಕಣಿವೆಯ ನೆತ್ತಿಯಲ್ಲಿ ನಿಂತರೆ ಈ ಪದರಗಳೆಲ್ಲ ಒಂದೇ ನೋಟಕ್ಕೆ ಸಿಗುತ್ತವೆ. ನುಣುಪು ಬಂಡೆಯ ಮೇಲೆ ಪ್ರಾಚೀನ ಮೂಲನಿವಾಸಿಗಳು ಕೊರೆದ ರೇಖಾಚಿತ್ರಗಳಿವೆ. ಅಲ್ಲಿಯೇ, 1860ರ ದಶಕದಲ್ಲಿ ಚೀನೀ ಕೂಲಿಗಳು ಕರಿಗಲ್ಲು ಕೊರೆದು ಮಾಡಿದ 1,659 ಅಡಿ ಉದ್ದದ ರೈಲು ಸುರಂಗವಿದೆ. ಕಂಪನಿಯ ಸಂಬಳದ ಪುಸ್ತಕಗಳಲ್ಲಿ ಆ ಕೂಲಿಗಳಲ್ಲಿ ಬಹುಪಾಲು ಜನರ ಸ್ವಂತ ಹೆಸರೂ ಇಲ್ಲ.

ಕಣಿವೆಯನ್ನು ಅರಿತಿದ್ದವರು, ದಾಟಿದವರು, ಕೊರೆದವರು ಹಲವರು. ಹೆಸರು ಮಾತ್ರ ಒಂದು. ಆ ಒಂದು ಹೆಸರಿನಿಂದ ಆರಂಭಿಸಿ ಉಳಿದವರ ಬಳಿಗೆ ಹಿಂದಿರುಗುವ ದಾರಿಯನ್ನು ಹುಡುಕುವುದು ಇತಿಹಾಸಕಾರನ ಕೆಲಸ. ಭೂಪಟ ಹೇಳಿದ್ದಕ್ಕೇ ಅವನು ತೃಪ್ತನಾದರೆ, ಹೇಸ್ಟಿಂಗ್ಸ್‌ನ ಪುಸ್ತಕವನ್ನು ನಂಬಿ ಹೊರಟವರಂತೆ ಅವನೂ ದಾರಿ ತಪ್ಪುತ್ತಾನೆ.