ಹುಟ್ಟೋ, ನಂಬಿಕೆಯೋ? ಯೆಹೂದಿ–ಕ್ರೈಸ್ತ ಪರಂಪರೆಗಳ ಹಳೆಯ ವಾಗ್ವಾದ

1962ರಲ್ಲಿ ಇಸ್ರೇಲಿನ ಸುಪ್ರೀಂ ಕೋರ್ಟು ಒಬ್ಬ ಕ್ರೈಸ್ತ ಸಂನ್ಯಾಸಿಯ ಅರ್ಜಿಯ ಮೇಲೆ ತೀರ್ಪು ಕೊಟ್ಟಿತು. ಹೈಫಾದ ಕಾರ್ಮೆಲ್ ಬೆಟ್ಟದ ಮಠದಲ್ಲಿದ್ದ ಬ್ರದರ್ ಡೇನಿಯಲ್ ಅವರ ವಾದ ಸರಳವಾಗಿತ್ತು: ಧರ್ಮದಿಂದ ತಾನು ಕ್ಯಾಥೊಲಿಕ್, ಜನಾಂಗದಿಂದ ಯೆಹೂದಿ; ಇಸ್ರೇಲಿಗೆ ಬಂದು ನೆಲೆಸಲು 1950ರ ಮರಳುವಿಕೆಯ ಕಾಯ್ದೆ ಯೆಹೂದಿಗಳಿಗೆ ಕೊಟ್ಟಿರುವ ಹಕ್ಕು ತನಗೂ ಸಲ್ಲಬೇಕು. ಅವರ ಹುಟ್ಟುಹೆಸರು ಓಸ್ವಾಲ್ಡ್ ರುಫೈಸೆನ್. ಪೋಲೆಂಡಿನ ಯೆಹೂದಿ ಮನೆತನ. ಯುದ್ಧಕಾಲದಲ್ಲಿ ಮಿರ್ ಪಟ್ಟಣದಲ್ಲಿ ಗುರುತು ಮರೆಸಿಕೊಂಡು ಜರ್ಮನ್ ಪೊಲೀಸರಿಗೆ ದುಭಾಷಿಯಾಗಿದ್ದರು. 1942ರ ಆಗಸ್ಟಿನಲ್ಲಿ ಅಲ್ಲಿನ ಘೆಟ್ಟೊದವರನ್ನು ಕೊಲ್ಲಲು ದಿನ ಗೊತ್ತಾಗಿದೆಯೆಂದು ಮೊದಲೇ ತಿಳಿಸಿ, ನೂರಾರು ಜನ ಕಾಡಿಗೆ ತಪ್ಪಿಸಿಕೊಳ್ಳಲು ನೆರವಾದರು. ಆಮೇಲೆ ಸಂನ್ಯಾಸಿನಿಯರ ಮಠವೊಂದರಲ್ಲಿ ಅಡಗಿದ್ದಾಗ ದೀಕ್ಷಾಸ್ನಾನ ಪಡೆದರು.

ಐವರ ಪೀಠದಲ್ಲಿ ನಾಲ್ವರು ಅರ್ಜಿಯನ್ನು ತಳ್ಳಿಹಾಕಿದರು. ಹೈಮ್ ಕೋಹ್ನ್ ಒಬ್ಬರದು ಭಿನ್ನಮತ. ಬಹುಮತದ ತರ್ಕ ಕುತೂಹಲಕರವಾಗಿದೆ. ಯೆಹೂದಿ ಧರ್ಮಶಾಸ್ತ್ರವಾದ ಹಲಾಖಾದ ಪ್ರಕಾರ ಡೇನಿಯಲ್ ಇನ್ನೂ ಯೆಹೂದಿಯೇ ಎಂಬುದನ್ನು ನ್ಯಾಯಮೂರ್ತಿ ಸಿಲ್ಬರ್ಗ್ ಒಪ್ಪಿಕೊಂಡರು. ಆದರೆ ಕಾಯ್ದೆ ಲೌಕಿಕವಾದದ್ದು. ಕ್ರೈಸ್ತನಾದವನನ್ನು ಯೆಹೂದಿ ಎಂದು ಜನಸಾಮಾನ್ಯರು ಕರೆಯುವುದಿಲ್ಲ ಎಂದರು. ಧರ್ಮಶಾಸ್ತ್ರ ಹುಟ್ಟನ್ನು ಎತ್ತಿಹಿಡಿದರೆ, ಲೌಕಿಕ ನ್ಯಾಯಾಲಯ ನಂಬಿಕೆಯನ್ನು ಅಳತೆಗೋಲು ಮಾಡಿಕೊಂಡಿತು.

ಯೆಹೂದಿ ಧರ್ಮ ಹುಟ್ಟಿನದು, ಕ್ರೈಸ್ತ ಧರ್ಮ ನಂಬಿಕೆಯದು ಎಂಬ ಮಾತು ಪಠ್ಯಪುಸ್ತಕಗಳಲ್ಲಿ ಸಲೀಸಾಗಿ ಓಡಾಡುತ್ತದೆ. ಚರಿತ್ರೆಯನ್ನು ಕೆದಕಿದರೆ ಈ ಗೆರೆ ನಿಲ್ಲುವುದಿಲ್ಲ. ಎರಡೂ ಪರಂಪರೆಗಳು ಅಳಿಸಲಾಗದ ಒಂದು ಗುರುತನ್ನು ಒಪ್ಪಿವೆ. ಒಂದರಲ್ಲಿ ಅದು ತಾಯಿಯ ಗರ್ಭದಿಂದ ಬರುತ್ತದೆ, ಇನ್ನೊಂದರಲ್ಲಿ ನೀರಿನಿಂದ. ಆ ಗುರುತಿಗೆ ವ್ಯಕ್ತಿಯ ಸ್ವಂತ ಒಪ್ಪಿಗೆ ಎಷ್ಟು ಬೇಕು ಎಂಬುದೇ ನಿಜವಾದ ಜಗಳ.

ಯೆಹೂದಿಗಳ ಕಡೆಯಿಂದ ನೋಡೋಣ. ಆದಿಕಾಂಡದ 17ನೆಯ ಅಧ್ಯಾಯದಲ್ಲಿ ಅಬ್ರಹಾಮನೊಂದಿಗಿನ ಒಡಂಬಡಿಕೆ ಗಂಡುಮಗುವಿನ ಎಂಟನೆಯ ದಿನದ ಸುನ್ನತಿಯಲ್ಲಿ ನೆಲೆಗೊಳ್ಳುತ್ತದೆ. ಮಗುವನ್ನು ಯಾರೂ ಕೇಳುವುದಿಲ್ಲ. ಯೆಹೂದಿ ತಾಯಿಯ ಮಗು ಯೆಹೂದಿ ಎಂಬ ನಿಯಮಕ್ಕೆ ಮಿಷ್ನಾದ ಕಿದ್ದುಶಿನ್ ಭಾಗ ಆಧಾರ. ಪಾಪ ಮಾಡಿದರೂ ಇಸ್ರಾಯೇಲ್ಯನು ಇಸ್ರಾಯೇಲ್ಯನೇ ಎಂಬ ತಾಲ್ಮುದಿನ ವಿಚಾರವನ್ನು 11ನೆಯ ಶತಮಾನದಲ್ಲಿ ಫ್ರಾನ್ಸಿನ ವಿದ್ವಾಂಸ ರಾಶಿ ಮತಾಂತರಗೊಂಡವರಿಗೂ ಅನ್ವಯಿಸಿದರು. ಬಲವಂತದ ದೀಕ್ಷಾಸ್ನಾನಕ್ಕೆ ತಲೆಯೊಡ್ಡಿದವರು ಹಿಂತಿರುಗಿ ಬರಲು ಬಾಗಿಲು ತೆರೆದಿಟ್ಟ ನಿಲುವು ಇದು.

ಹಾಗೆಂದು ನಂಬಿಕೆಗೆ ಅಲ್ಲಿ ಬೆಲೆಯಿಲ್ಲವೆನ್ನಲಾಗದು. 12ನೆಯ ಶತಮಾನದ ಮೈಮೋನಿಡಿಸ್ ಹದಿಮೂರು ತತ್ತ್ವಗಳನ್ನು ಪಟ್ಟಿ ಮಾಡಿ, ಅವನ್ನು ಅಲ್ಲಗಳೆದವನು ಸಮುದಾಯದಿಂದ ಹೊರಬಿದ್ದಂತೆ ಎಂದರು. ಯೆಹೂದಿ ಧರ್ಮಕ್ಕೆ ಹೊಸದಾಗಿ ಸೇರಿದ್ದ ಓಬದ್ಯನೆಂಬವನು, ಪ್ರಾರ್ಥನೆಯಲ್ಲಿ ‘ನಮ್ಮ ಪೂರ್ವಜರ ದೇವರು’ ಎಂದು ತಾನು ಹೇಳಬಹುದೇ ಎಂದು ಕೇಳಿದಾಗ, ಧಾರಾಳವಾಗಿ ಹೇಳಬಹುದು, ಅಬ್ರಹಾಮನ ದಾರಿ ಹಿಡಿದವರೆಲ್ಲ ಅವನ ಮಕ್ಕಳೇ ಎಂದು ಉತ್ತರ ಬರೆದವರೂ ಅವರೇ. ಆರು ಶತಮಾನಗಳ ನಂತರ ಬರ್ಲಿನ್ನಿನ ಮೋಸೆಸ್ ಮೆಂಡೆಲ್‌ಸೋನ್ ಬೇರೆ ದಿಕ್ಕಿನಲ್ಲಿ ನಡೆದರು. ಕ್ರೈಸ್ತ ಧರ್ಮದ ಸಮರ್ಥನೆಯನ್ನು ಖಂಡಿಸಿ, ಇಲ್ಲವೇ ಒಪ್ಪಿಕೊಳ್ಳಿ ಎಂದು 1769ರಲ್ಲಿ ಪಾದ್ರಿ ಲಾವಾಟರ್ ಬಹಿರಂಗವಾಗಿ ಸವಾಲೆಸೆದಿದ್ದರು. 1783ರಲ್ಲಿ ಪ್ರಕಟವಾದ ‘ಜೆರೂಸಲೇಮ್’ ಗ್ರಂಥದಲ್ಲಿ ಮೆಂಡೆಲ್‌ಸೋನ್, ಯೆಹೂದಿ ಧರ್ಮ ಆಚರಣೆಯನ್ನು ವಿಧಿಸುತ್ತದೆಯೇ ಹೊರತು ನಂಬಿಕೆಯನ್ನು ಆಜ್ಞಾಪಿಸುವುದಿಲ್ಲ ಎಂದು ವಾದಿಸಿದರು. ಅವರ ಮಕ್ಕಳಲ್ಲಿ ಹೆಚ್ಚಿನವರು ಮುಂದೆ ಕ್ರೈಸ್ತರಾದರು. ಮೊಮ್ಮಗ, ಸಂಗೀತಕಾರ ಫೆಲಿಕ್ಸ್‌ಗೆ 1816ರಲ್ಲಿ ದೀಕ್ಷಾಸ್ನಾನವಾಯಿತು.

ಕ್ರೈಸ್ತರ ಕಡೆಯ ಕಥೆ ವಂಶದ ನಿರಾಕರಣೆಯಿಂದ ಶುರುವಾಗುತ್ತದೆ. ರೋಮಾಪುರದವರಿಗೆ ಬರೆದ ಪತ್ರದಲ್ಲಿ ಪೌಲನು ಅಬ್ರಹಾಮನನ್ನು ರಕ್ತಸಂಬಂಧದ ಮೂಲಪುರುಷನಿಗಿಂತ ನಂಬಿದವರೆಲ್ಲರ ತಂದೆಯಾಗಿ ಕಾಣುತ್ತಾನೆ. ಸುಮಾರು 200ರ ಹೊತ್ತಿಗೆ ಕಾರ್ಥೇಜಿನ ಟರ್ಟುಲಿಯನ್, ಮಕ್ಕಳು ತಿಳಿವಳಿಕೆ ಬಂದ ಮೇಲೆಯೇ ದೀಕ್ಷಾಸ್ನಾನ ಪಡೆಯಲಿ ಎಂದು ಸಲಹೆಯಿತ್ತರು. ಅದೇ ಊರಿನಲ್ಲಿ ಅರ್ಧ ಶತಮಾನದೊಳಗೆ ಗಾಳಿ ತಿರುಗಿತ್ತು. ಸುನ್ನತಿಯಂತೆ ದೀಕ್ಷಾಸ್ನಾನಕ್ಕೂ ಎಂಟು ದಿನ ಕಾಯಬೇಕೇ ಎಂದು ಫಿಡಸ್ ಎಂಬ ಬಿಷಪ್ ಕೇಳಿದ ಪ್ರಶ್ನೆಗೆ ಸಿಪ್ರಿಯನ್ ಮತ್ತು ಅವರ ಜೊತೆಯ ಬಿಷಪ್ಪರು, ಅಷ್ಟು ದಿನವೂ ಕಾಯಬೇಕಿಲ್ಲ ಎಂದು ತೀರ್ಮಾನಿಸಿದರು. ಮುಂದೆ ಆಗಸ್ಟೀನ್ ಬೋಧಿಸಿದ ಜನ್ಮಪಾಪದ ಸಿದ್ಧಾಂತ ಇದಕ್ಕೆ ಗಟ್ಟಿ ತಳಹದಿಯಾಯಿತು. ನಂಬಿಕೆಯ ಧರ್ಮವೂ ಹೀಗೆ ಮನೆತನದ ಧರ್ಮವಾಯಿತು.

ಇದನ್ನು ಪ್ರಶ್ನಿಸಿದವರು ಪ್ರಾಣ ತೆತ್ತರು. 1525ರ ಜನವರಿ 21ರಂದು ಜ್ಯೂರಿಕ್ಕಿನಲ್ಲಿ ಕಾನ್ರಾಡ್ ಗ್ರೆಬೆಲ್, ಶೈಶವದಲ್ಲೇ ದೀಕ್ಷಾಸ್ನಾನವಾಗಿದ್ದ ಜಾರ್ಜ್ ಬ್ಲಾವ್‌ರಾಕ್‌ಗೆ ಸ್ವಂತ ನಂಬಿಕೆಯ ಆಧಾರದ ಮೇಲೆ ಮತ್ತೆ ದೀಕ್ಷಾಸ್ನಾನ ಕೊಟ್ಟರು. ಇವರನ್ನು ವಿರೋಧಿಸಲು ಸುಧಾರಕ ಜ್ವಿಂಗ್ಲಿ ಎತ್ತಿಕೊಂಡ ಆಧಾರ ಯಾವುದು? ಯೆಹೂದಿಗಳ ಸುನ್ನತಿ! ಅಲ್ಲಿ ಶಿಶು ಒಡಂಬಡಿಕೆಗೆ ಸೇರುವುದಾದರೆ ಇಲ್ಲೇಕೆ ಸೇರಬಾರದು ಎಂಬುದು ಅವರ ವಾದ. ಗ್ರೆಬೆಲ್‌ರ ಸಂಗಾತಿ ಫೆಲಿಕ್ಸ್ ಮಾನ್ಜ್‌ರನ್ನು 1527ರ ಜನವರಿ 5ರಂದು ನಗರಾಡಳಿತ ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದಿತು.

ನೀರಿನ ಗುರುತು ಎಷ್ಟು ಕಠೋರವಾಗಬಲ್ಲದೆಂಬುದನ್ನು ಬೊಲೊನ್ಯಾ ನಗರ 1858ರಲ್ಲಿ ಕಂಡಿತು. ಆಗ ಅದು ಪೋಪರ ಆಳ್ವಿಕೆಯಲ್ಲಿತ್ತು. ಜೂನ್ 23ರಂದು ಪೊಲೀಸರು ಮೊರ್ತಾರಾ ಎಂಬ ಯೆಹೂದಿ ಕುಟುಂಬದ ಮನೆಗೆ ಬಂದರು. ಕಾಯಿಲೆಬಿದ್ದ ಕೂಸಿಗೆ ಸಾವು ಬರಬಹುದೆಂದು ಹೆದರಿ, ಮನೆಗೆಲಸದ ಕ್ರೈಸ್ತ ಹುಡುಗಿ ಹಿಂದೊಮ್ಮೆ ಗುಟ್ಟಾಗಿ ನೀರು ಚಿಮುಕಿಸಿದ್ದಳು. ಚರ್ಚಿನ ದೃಷ್ಟಿಯಲ್ಲಿ ಅಷ್ಟು ಸಾಕಾಗಿತ್ತು. ಆರು ವರ್ಷದ ಎಡ್ಗಾರ್ಡೊನನ್ನು ತಂದೆತಾಯಿಯಿಂದ ಕಿತ್ತು ರೋಮಿಗೆ ಒಯ್ದರು. ಯುರೋಪು, ಅಮೆರಿಕಗಳಿಂದ ಪ್ರತಿಭಟನೆ ಎದ್ದರೂ ಪೋಪ್ ಒಂಬತ್ತನೆಯ ಪಿಯುಸ್ ಬಗ್ಗಲಿಲ್ಲ. ಹುಡುಗ ಬೆಳೆದು ಪಾದ್ರಿಯಾಗಿ, 1940ರಲ್ಲಿ ಬೆಲ್ಜಿಯಮ್ಮಿನಲ್ಲಿ ತೀರಿಕೊಂಡ. ಯೆಹೂದಿ ಶಾಸ್ತ್ರದಂತೆ ಅವನು ಕೊನೆಯವರೆಗೂ ಯೆಹೂದಿ. ಚರ್ಚಿನ ಶಾಸ್ತ್ರದಂತೆ ಕೂಸಾಗಿದ್ದಾಗಿನಿಂದಲೇ ಕ್ರೈಸ್ತ. ಎರಡು ತೀರ್ಮಾನಗಳೂ ಅವನನ್ನು ಕೇಳಿ ಆದವಲ್ಲ.

ಡೇನಿಯಲ್ ಪ್ರಕರಣದ ನೆರಳು ಇಸ್ರೇಲಿನ ಕಾನೂನಿನ ಮೇಲೂ ಬಿತ್ತು. ಮರಳುವಿಕೆಯ ಕಾಯ್ದೆಗೆ 1970ರಲ್ಲಿ ಆದ ತಿದ್ದುಪಡಿಯ ಪ್ರಕಾರ ಯೆಹೂದಿ ತಾಯಿಗೆ ಹುಟ್ಟಿದವರು ಅಥವಾ ಯೆಹೂದಿ ಧರ್ಮಕ್ಕೆ ಸೇರಿದವರು ಯೆಹೂದಿಗಳು, ಆದರೆ ಅವರು ಬೇರೆ ಧರ್ಮದವರಾಗಿರಕೂಡದು. ಹುಟ್ಟು, ನಂಬಿಕೆ ಎರಡೂ ಒಂದೇ ವಾಕ್ಯದಲ್ಲಿ ಸೇರಿಕೊಂಡವು.

1983ರಲ್ಲಿ ಎರಡೂ ಕಡೆ ಹೊಸ ನಿಯಮಗಳು ಬಂದವು. ಅಮೆರಿಕದ ಸುಧಾರಣಾವಾದಿ ರಬ್ಬಿಗಳು, ತಂದೆ ಮಾತ್ರ ಯೆಹೂದಿಯಾಗಿದ್ದರೂ ಮಗುವನ್ನು ಯೆಹೂದಿಯೆಂದು ಭಾವಿಸಬಹುದು, ಆದರೆ ಆ ಗುರುತನ್ನು ಬದುಕಿನಲ್ಲಿ ಬಹಿರಂಗ ಆಚರಣೆಯಿಂದ ದೃಢಪಡಿಸಬೇಕು ಎಂದರು; ಸಂಪ್ರದಾಯಸ್ಥರು ಇದನ್ನು ಒಪ್ಪಲಿಲ್ಲ. ಅದೇ ವರ್ಷದ ಕ್ಯಾಥೊಲಿಕ್ ಧರ್ಮಸಂಹಿತೆ, ಸಾವಿನಂಚಿನಲ್ಲಿರುವ ಶಿಶುವಿಗೆ ಹೆತ್ತವರ ಇಚ್ಛೆಗೆ ವಿರುದ್ಧವಾಗಿಯೂ ದೀಕ್ಷಾಸ್ನಾನ ಕೊಡಬಹುದೆಂಬ ವಿಧಿಯನ್ನು ಉಳಿಸಿಕೊಂಡಿತು. ಎರಡು ಸಾವಿರ ವರ್ಷಗಳ ವಾಗ್ವಾದ ಇನ್ನೂ ಮುಗಿದಿಲ್ಲ. ಆದರೆ ಮಾನ್ಜ್ ಮತ್ತು ಮೊರ್ತಾರಾ ಪ್ರಕರಣಗಳು ಒಂದನ್ನು ನಿಸ್ಸಂದೇಹವಾಗಿ ತೋರಿಸುತ್ತವೆ: ಅದು ಶಾಸ್ತ್ರಿಗಳ ಪುಸ್ತಕಗಳಲ್ಲಿದ್ದಷ್ಟು ಕಾಲ ಚಿಂತನೆಯನ್ನು ಬೆಳೆಸಿತು, ಪೊಲೀಸರ ಮತ್ತು ನಗರಾಡಳಿತದ ಕೈಗೆ ಬಿದ್ದಾಗ ಅನ್ಯಾಯ ಮಾಡಿತು.