ಪೊಗದಿಯ ಭಾರ

ತೆರಿಗೆ ಹೆಚ್ಚಾಯಿತೆಂಬ ಗೊಣಗಾಟ ಕೇಳಿದಾಗಲೆಲ್ಲ ನನಗೆ 1830ರ ನಗರ ದಂಗೆ ನೆನಪಾಗುತ್ತದೆ.

1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಮೈಸೂರನ್ನು ಒಡೆಯರಿಗೆ ಕೊಟ್ಟ ಕಂಪನಿ, ವರ್ಷಕ್ಕೆ 7 ಲಕ್ಷ ವರಾಹ ಪೊಗದಿ ಗೊತ್ತುಮಾಡಿತು. ಅದು ಕಂಪನಿಯ ಸೈನ್ಯದ ಖರ್ಚಿಗೆ. ಅದರ ಮೇಲೆ ಅರಮನೆಯ ಖರ್ಚು ಬೇರೆ. ಹಣ ಹೊಂದಿಸಲು ಬಂದದ್ದು ಶರ್ತು ಪದ್ಧತಿ. ಇಷ್ಟು ಕಂದಾಯ ತರುತ್ತೇನೆಂದು ಅಮಲ್ದಾರ ಒಪ್ಪಿಕೊಳ್ಳಬೇಕು. ಕಡಿಮೆ ಬಿದ್ದರೆ ಅವನೇ ತುಂಬಬೇಕು. ಕೈಯಿಂದ ಯಾರು ತುಂಬುತ್ತಾರೆ? ಭಾರವೆಲ್ಲ ರೈತನ ಹೆಗಲಿಗೆ ಬಿತ್ತು.

ನಗರ ಸೀಮೆಯ ರೈತರು ಕೂಟ ಸೇರಿದರು, ಕಂದಾಯ ನಿಲ್ಲಿಸಿದರು. ಕೆಳದಿ ಅರಸರ ವಾರಸುದಾರನೆಂದು ಹೇಳಿಕೊಂಡ ಬೂದಿ ಬಸಪ್ಪ ಮುಂದಾಳಾದ. ಸೈನ್ಯ ಬಂದು ದಂಗೆಯನ್ನು ಅಡಗಿಸಿತು. 1831ರಲ್ಲಿ ಕಂಪನಿ, ದುರಾಡಳಿತದ ಕಾರಣ ಹೇಳಿ, ಮುಮ್ಮಡಿ ಕೃಷ್ಣರಾಜರಿಂದ ಆಡಳಿತ ಕಿತ್ತುಕೊಂಡಿತು.

ಕಮಿಷನರ್ ಆಗಿ ಬಂದ ಮಾರ್ಕ್ ಕಬ್ಬನ್ ನೂರಾರು ಚಿಲ್ಲರೆ ತೆರಿಗೆಗಳನ್ನು ತೆಗೆದುಹಾಕಿದ. ರೈತನಿಗೆ ದಕ್ಕಿದ್ದು ಅಷ್ಟು. ಪೊಗದಿ ಮಾತ್ರ ಅಲುಗಲಿಲ್ಲ. 1881ರಲ್ಲಿ ಒಡೆಯರಿಗೆ ರಾಜ್ಯ ಮರಳಿಸುವಾಗ, ರೂಪಾಯಿ ಲೆಕ್ಕದಲ್ಲಿ 24.5 ಲಕ್ಷವಿದ್ದ ಪೊಗದಿಯನ್ನು 35 ಲಕ್ಷಕ್ಕೆ ಏರಿಸುವ ಕರಾರೂ ಸೇರಿಕೊಂಡಿತು.

ಅಮಲ್ದಾರನನ್ನು ರೈತ ಓಡಿಸಬಲ್ಲವನಾಗಿದ್ದ. ಅವನ ಸಿಟ್ಟಿನಿಂದ ಅರಸನ ಅಧಿಕಾರವೂ ಹೋಯಿತು. ಆದರೆ ಖರ್ಚಿನ ಪಟ್ಟಿಯ ಮೊದಲ ಸಾಲನ್ನು ಮುಟ್ಟುವ ಹಕ್ಕು ಅವನಿಗಿರಲಿಲ್ಲ. ಇಂದು ಬಜೆಟ್ಟಿಗೆ ನಮ್ಮ ಪ್ರತಿನಿಧಿಗಳ ಒಪ್ಪಿಗೆ ಬೇಕು. ತೆರಿಗೆ ಕಟ್ಟುವ ನಾನು ದರಕ್ಕಿಂತ ಮೊದಲು ಖರ್ಚಿನ ಪಟ್ಟಿ ನೋಡುವುದು ಇದಕ್ಕೇ.